ಮಧುಮೇಹ ಮತ್ತು ಥೈರಾಯ್ಡ್: ಒಂದೇ ದೇಹದ ಎರಡು ಗ್ರಂಥಿಗಳ ನಂಟು



ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಈ ದೇಹವೇ ಸಾಧನವೆಂದು ತಿಳಿದು, ಅದನ್ನು ಮಿತಾಹಾರದಿಂದಲೂ ನೇಮದಿಂದಲೂ ಕಾಪಾಡಿಕೊಂಡವರು. ಆ ದೃಷ್ಟಿಯಿಂದ ಇಂದು ಮನೆಮನೆಯಲ್ಲಿಯೂ ಕಾಣುತ್ತಿರುವ ಎರಡು ರೋಗಗಳ ಪರಸ್ಪರ ಸಂಬಂಧವನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

"ಮೊದಲೇ ಸಕ್ಕರೆ ಕಾಯಿಲೆ ಇತ್ತು, ಈಗ ಥೈರಾಯ್ಡ್ ಕೂಡ ಬಂದಿದೆ ಎನ್ನುತ್ತಾರೆ. ಎರಡಕ್ಕೂ ಏನಾದರೂ ಸಂಬಂಧವಿದೆಯೇ?" ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಸಂಬಂಧವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಸ್ರಾವದ ಕೊರತೆ ಇರುವುದು ಕಂಡುಬಂದಿತು. ಇಷ್ಟು ವ್ಯಾಪಕವಾದ ಎರಡು ರೋಗಗಳು ಒಬ್ಬರಲ್ಲಿಯೇ ಕೂಡಿ ಬರುವುದು ಕೆಲವೊಮ್ಮೆ ಕೇವಲ ಕಾಕತಾಳೀಯ. ಆದರೆ ಕೂಡಿ ಬಂದ ಮೇಲೆ ಒಂದು ಮತ್ತೊಂದರ ನಡೆಯನ್ನು ಬದಲಿಸುತ್ತದೆ. ಆದ್ದರಿಂದ ಆಹಾರವೂ ಔಷಧವೂ ಮೊದಲಿನಂತೆಯೇ ಇದ್ದು, ಸಕ್ಕರೆಯ ಮಟ್ಟ ಮಾತ್ರ ಕಾರಣವಿಲ್ಲದೆ ಏರಿದರೂ ಇಳಿದರೂ ಥೈರಾಯ್ಡನ್ನು ಪರೀಕ್ಷಿಸಬೇಕು. ಈ ಲೇಖನದಲ್ಲಿ ನಾವು ಹೇಳಬಯಸುವ ಮುಖ್ಯ ಮಾತು ಇದೇ.

ಎರಡು ಗ್ರಂಥಿಗಳ ಕಾರ್ಯ

ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಸ್ರಾವವನ್ನು ರಕ್ತಕ್ಕೆ ಬಿಡುತ್ತದೆ. ಅನ್ನದಿಂದ ಬಂದ ಸಕ್ಕರೆಯು ರಕ್ತದಿಂದ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಅದು ಸಾಲದಾದರೆ, ಅಥವಾ ಇದ್ದರೂ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದರೆ, ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಅದುವೇ ಮಧುಮೇಹ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ, ಸುಮಾರು 20 ಗ್ರಾಂ ತೂಗುವ ಗ್ರಂಥಿಯೇ ಥೈರಾಯ್ಡ್. ಆಹಾರದಲ್ಲಿರುವ ಅಯೋಡಿನ್ನಿನಿಂದ ಅದು ಟಿ4 ಮತ್ತು ಟಿ3 ಎಂಬ ಸ್ರಾವಗಳನ್ನು ತಯಾರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಕರುಳಿನ ಚಲನೆ, ಕೊಬ್ಬು ಕರಗುವ ವೇಗ ಇವೆಲ್ಲವೂ ಈ ಸ್ರಾವಗಳ ಅಧೀನ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಸ್ರಾವದ ಮೂಲಕ ಥೈರಾಯ್ಡಿಗೆ ಆಜ್ಞೆ ಕೊಡುತ್ತದೆ. ಥೈರಾಯ್ಡ್ ಸೋಮಾರಿಯಾದರೆ ಆಜ್ಞೆಯ ಧ್ವನಿ ಏರುತ್ತದೆ, ಅತಿಯಾಗಿ ದುಡಿದರೆ ಧ್ವನಿ ತಗ್ಗುತ್ತದೆ. ಟಿ.ಎಸ್.ಎಚ್. ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕೊರತೆ, ತೀರ ಕಡಿಮೆಯಾಗಿದ್ದರೆ ಥೈರಾಯ್ಡ್ ಅಧಿಕ್ಯ ಎಂದು ತಿಳಿಯುವುದು ಈ ಕಾರಣದಿಂದಲೇ. ವರದಿಯಲ್ಲಿ "ಹೆಚ್ಚು" ಎಂದಿರುವುದನ್ನು ಕಂಡು ಗ್ರಂಥಿಯೇ ಹೆಚ್ಚು ಕೆಲಸ ಮಾಡುತ್ತಿದೆಯೆಂದು ಭಾವಿಸುವವರು ಬಹಳ. ಅದು ತಪ್ಪು ಗ್ರಹಿಕೆ.

ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಕ್ಕೆ ತಲುಪಿಸಿದರೆ, ಅಲ್ಲಿ ಅದು ಎಷ್ಟು ವೇಗವಾಗಿ ಉರಿಯಬೇಕೆಂಬುದನ್ನು ಥೈರಾಯ್ಡ್ ನಿರ್ಧರಿಸುತ್ತದೆ. ಒಲೆಗೆ ಸೌದೆ ಒಡ್ಡುವವನು ಒಬ್ಬ, ಗಾಳಿ ಊದುವವನು ಇನ್ನೊಬ್ಬ. ಒಬ್ಬನು ಲೆಕ್ಕ ತಪ್ಪಿದರೆ ಇನ್ನೊಬ್ಬನ ಲೆಕ್ಕವೂ ಕೆಡುತ್ತದೆ.

ಆಯುರ್ವೇದದ ದೃಷ್ಟಿ

ನಮ್ಮ ಶಾಸ್ತ್ರಗಳು ಪ್ರಮೇಹವನ್ನು ಇಪ್ಪತ್ತು ಬಗೆಯೆಂದು ಹೇಳುತ್ತವೆ: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಮಧುಮೇಹವು ಕೊನೆಯ ಗುಂಪಿಗೆ ಸೇರುತ್ತದೆ. ಸುಶ್ರುತರು ಹುಟ್ಟಿನಿಂದ ಬಂದ ಪ್ರಮೇಹ ಮತ್ತು ಅಪಥ್ಯದಿಂದ ಬಂದ ಪ್ರಮೇಹವೆಂದು ಎರಡು ವಿಭಾಗ ಮಾಡಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ವರ್ಣಿಸಿದ್ದಾರೆ. ಇಂದಿನ ಟೈಪ್ 1 ಮತ್ತು ಟೈಪ್ 2 ವಿಭಾಗಗಳಿಗೆ ಇದು ಬಹಳ ಹತ್ತಿರವಾಗಿದೆ.

ಥೈರಾಯ್ಡ್ ರೋಗಗಳಿಗೆ ಮಾತ್ರ ಶಾಸ್ತ್ರದಲ್ಲಿ ಸಂಪೂರ್ಣವಾಗಿ ಹೊಂದುವ ಒಂದೇ ಹೆಸರಿಲ್ಲ. ಗಲಗಂಡವೆಂದರೆ ಕೊರಳಿನ ಬಾವು. ಕೊರಳು ಊದದೆಯೂ ಥೈರಾಯ್ಡ್ ಕೆಡಬಹುದು, ಊದಿದರೂ ಅದರ ಸ್ರಾವ ಸರಿಯಾಗಿರಬಹುದು. ಆದುದರಿಂದ ಎಲ್ಲ ಥೈರಾಯ್ಡ್ ರೋಗಗಳನ್ನೂ ಗಲಗಂಡವೆಂದು ಕರೆದು ಅದೇ ಔಷಧ ಕೊಡುವುದು ಸಮಂಜಸವಲ್ಲ. ಲಕ್ಷಣಗಳನ್ನು ನೋಡಿದರೆ, ಸ್ರಾವದ ಕೊರತೆಯಲ್ಲಿ ಅಗ್ನಿಮಾಂದ್ಯ, ಕಫ ಮತ್ತು ಮೇದಸ್ಸಿನ ವೃದ್ಧಿ ಕಾಣುತ್ತವೆ. ಅಧಿಕ್ಯದಲ್ಲಿ ತೀಕ್ಷ್ಣಾಗ್ನಿ ಮತ್ತು ಧಾತುಕ್ಷಯ ಕಾಣುತ್ತವೆ. ಸ್ಥೂಲ ಪ್ರಮೇಹದಲ್ಲಿಯೂ ಕೆಡುವುದು ಮೇದಸ್ಸೇ. ಎರಡು ರೋಗಗಳೂ ಅಗ್ನಿಯಲ್ಲಿ ಸಂಧಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಥೈರಾಯ್ಡ್ ಅಧಿಕವಾದಾಗ

ಥೈರಾಯ್ಡ್ ಸ್ರಾವ ಹೆಚ್ಚಾದರೆ ಕರುಳು ಸಕ್ಕರೆಯನ್ನು ಬೇಗನೆ ಹೀರುತ್ತದೆ, ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಬೇಗನೆ ನಾಶವಾಗುತ್ತದೆ. ಮೂರೂ ಸೇರಿ ಮಧುಮೇಹಿಯ ಸಕ್ಕರೆ ಏರುತ್ತದೆ. ಚೆನ್ನಾಗಿ ಉಣ್ಣುತ್ತಿದ್ದರೂ ತೂಕ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ಬೆವರು, ಸೆಕೆ ತಡೆಯಲಾರದಿರುವುದು, ನಿದ್ರೆ ಬಾರದಿರುವುದು ಇದರ ಲಕ್ಷಣಗಳು.

ಇಲ್ಲೊಂದು ಎಚ್ಚರಿಕೆ ಅವಶ್ಯ. ನಡುಕ, ಬೆವರು, ಎದೆಬಡಿತ ಇವು ಸಕ್ಕರೆ ಅತಿಯಾಗಿ ಇಳಿದಾಗಲೂ ಬರುತ್ತವೆ. ಥೈರಾಯ್ಡಿನಿಂದ ಬಂದ ನಡುಕವನ್ನು ಸಕ್ಕರೆ ಇಳಿದದ್ದೆಂದು ತಿಳಿದು ಪದೇಪದೇ ಬೆಲ್ಲ ತಿನ್ನುವವರಿದ್ದಾರೆ. ನಿಜವಾಗಿ ಸಕ್ಕರೆ ಇಳಿದಾಗ ಥೈರಾಯ್ಡೆಂದು ಸುಮ್ಮನೆ ಮಲಗುವವರೂ ಇದ್ದಾರೆ. ಎರಡನೆಯದು ಪ್ರಾಣಾಪಾಯಕರ. ಬೆರಳಿನ ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿನಲ್ಲಿ ನೋಡಿಯೇ ನಿರ್ಧರಿಸಬೇಕು. ಅದು 70 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಬೇಕು. ಸಾಧನ ಕೈಗೆ ಸಿಗದಿದ್ದರೆ ಸಕ್ಕರೆ ಇಳಿದಿದೆಯೆಂದೇ ಭಾವಿಸಿ ಸಿಹಿ ಕೊಡುವುದು ಕ್ಷೇಮ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎದೆಬಡಿತಕ್ಕಾಗಿ ಕೊಡುವ ಪ್ರೊಪ್ರನಾಲೋಲ್‌ನಂತಹ ಗುಳಿಗೆಗಳು ಸಕ್ಕರೆ ಇಳಿದ ಮುನ್ಸೂಚನೆಗಳನ್ನು ಮರೆಮಾಡುತ್ತವೆ. ಅವುಗಳನ್ನು ಸೇವಿಸುವ ಮಧುಮೇಹಿಗಳು ಇನ್ನಷ್ಟು ಜಾಗರೂಕರಾಗಿರಬೇಕು.

ಥೈರಾಯ್ಡ್ ಕಡಿಮೆಯಾದಾಗ

ಕೊರತೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ಯಕೃತ್ತು ಸಕ್ಕರೆ ಬಿಡುವುದು ಕಡಿಮೆಯಾಗುತ್ತದೆ, ಇನ್ಸುಲಿನ್ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಗ್ಲಿಮಿಪಿರೈಡ್‌ನಂತಹ ಗುಳಿಗೆ ನುಂಗುವವರಲ್ಲಿ ಅದೇ ಹಳೆಯ ಪ್ರಮಾಣವೇ ಅತಿಯಾಗಿ, ಸಕ್ಕರೆ ಪದೇಪದೇ ಕುಸಿಯಬಹುದು. ಇದರ ಜೊತೆಗೆ ಸ್ನಾಯುಗಳು ಇನ್ಸುಲಿನ್ನಿಗೆ ಸ್ಪಂದಿಸುವುದೂ ಕುಗ್ಗುತ್ತದೆ, ಕೊಲೆಸ್ಟರಾಲ್ ಏರುತ್ತದೆ. ಮಧುಮೇಹದಿಂದ ಮೊದಲೇ ಹೃದಯಕ್ಕಿರುವ ಅಪಾಯ ಇದರಿಂದ ಇನ್ನೂ ಹೆಚ್ಚುತ್ತದೆ.

ಒಂದು ಉದಾಹರಣೆ ಹೇಳುತ್ತೇವೆ. ಐವತ್ತು ದಾಟಿದ ಒಬ್ಬ ತಾಯಿಯವರು ಎಂಟು ವರ್ಷಗಳಿಂದ ಮಧುಮೇಹಕ್ಕೆ ಗುಳಿಗೆ ಸೇವಿಸುತ್ತಿದ್ದರು. ಒಮ್ಮೆ ಬಂದು, "ಡಾಕ್ಟರೇ, ಗುರುಗಳ ಆಶೀರ್ವಾದದಿಂದ ಸಕ್ಕರೆ ತಾನಾಗಿಯೇ ಇಳಿಯುತ್ತಿದೆ, ಗುಳಿಗೆ ಬಿಡಬಹುದೇ?" ಎಂದು ಕೇಳಿದರು. ಬೆಳಗಿನ ಹೊತ್ತು 60ರ ಆಸುಪಾಸಿಗೆ ಇಳಿಯುತ್ತಿದ್ದುದು ನಿಜ. ಆದರೆ ಮುಖ ಊದಿಕೊಂಡಿತ್ತು, ಧ್ವನಿ ಒಡೆದಿತ್ತು, ಚರ್ಮ ಒರಟಾಗಿತ್ತು, ನಾಡಿ ಮಂದವಾಗಿತ್ತು. ಮಲಬದ್ಧತೆ ಇತ್ತು. ಊಟ ಕಡಿಮೆಯಾಗಿದ್ದರೂ ತೂಕ ಏರಿತ್ತು. ರಕ್ತ ಪರೀಕ್ಷೆ ಮಾಡಿಸಲು ಟಿ.ಎಸ್.ಎಚ್. 40ನ್ನು ದಾಟಿತ್ತು. ಅವರನ್ನು ತಜ್ಞ ವೈದ್ಯರಲ್ಲಿಗೆ ಕಳುಹಿಸಿದೆವು. ಅವರು ಸಕ್ಕರೆಯ ಗುಳಿಗೆಯನ್ನು ತಗ್ಗಿಸಿ, ಲೆವೊಥೈರಾಕ್ಸಿನ್ ಗುಳಿಗೆಯನ್ನು ಅಲ್ಪ ಪ್ರಮಾಣದಿಂದ ಆರಂಭಿಸಿದರು.

ಕೆಲವು ತಿಂಗಳಲ್ಲಿ ಮುಖದ ಊತ ಇಳಿಯಿತು, ಚೈತನ್ಯ ಮರಳಿತು. ಅದರೊಂದಿಗೆ ಸಕ್ಕರೆಯೂ ಮೊದಲಿನ ಮಟ್ಟಕ್ಕೆ ಏರಿತು. ಆಗ ಆ ತಾಯಿ ಮತ್ತೆ ಬಂದು, "ಈ ಥೈರಾಯ್ಡ್ ಗುಳಿಗೆಯಿಂದಲೇ ಸಕ್ಕರೆ ಹೆಚ್ಚಾಗಿದೆ, ಇದನ್ನು ಬಿಟ್ಟುಬಿಡುತ್ತೇನೆ" ಎಂದರು. ಅನೇಕರು ಎಡವುವುದು ಇಲ್ಲಿಯೇ. ಗುಳಿಗೆಯು ಮಧುಮೇಹವನ್ನು ಹುಟ್ಟಿಸಲಿಲ್ಲ. ಥೈರಾಯ್ಡ್ ಕೊರತೆಯು ಮುಚ್ಚಿಟ್ಟಿದ್ದ ಮಧುಮೇಹದ ನಿಜಸ್ಥಿತಿ ಬೆಳಕಿಗೆ ಬಂದಿತು, ಅಷ್ಟೇ. ಮಾಡಬೇಕಾದುದು ಥೈರಾಯ್ಡ್ ಗುಳಿಗೆ ಬಿಡುವುದಲ್ಲ, ಸಕ್ಕರೆಯ ಔಷಧವನ್ನು ಹೊಸ ಸ್ಥಿತಿಗೆ ಹೊಂದಿಸುವುದು. ಹಾಗೆಯೇ ಥೈರಾಯ್ಡ್ ಅಧಿಕ್ಯಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ಸ್ರಾವ ಹತೋಟಿಗೆ ಬಂದಂತೆ ಇನ್ಸುಲಿನ್ನಿನ ಅವಶ್ಯಕತೆ ತಗ್ಗುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುವ ಭಯವಿರುತ್ತದೆ. ಒಂದು ಗ್ರಂಥಿಯ ಚಿಕಿತ್ಸೆ ಬದಲಾದಾಗಲೆಲ್ಲ ಇನ್ನೊಂದರ ಲೆಕ್ಕವನ್ನು ಮತ್ತೆ ನೋಡಬೇಕೆಂಬುದನ್ನು ಮರೆಯಬಾರದು.

ಒಂದೇ ಬೇರಿನಿಂದ ಎರಡು ರೋಗ

ಟೈಪ್ 1 ಮಧುಮೇಹವು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಆರಂಭವಾಗುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ತನ್ನ ಜೀವಕೋಶಗಳನ್ನೇ ನಾಶಮಾಡುವುದು ಇದರ ಕಾರಣ. ಬೇಲಿಯೇ ಹೊಲ ಮೇದಂತೆ. ಥೈರಾಯ್ಡ್ ಕೊರತೆಯ ಒಂದು ಮುಖ್ಯ ಕಾರಣವಾದ ಹಶಿಮೋಟೊ ರೋಗವೂ, ಅಧಿಕ್ಯದ ಮುಖ್ಯ ಕಾರಣವಾದ ಗ್ರೇವ್ಸ್ ರೋಗವೂ ಇದೇ ಜಾತಿಯವು. ಹೀಗಾಗಿ ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ರೋಗ ಪತ್ತೆಯಾದ ಹೊಸತರಲ್ಲಿಯೇ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸರಿಯಾಗಿದ್ದರೂ ಒಂದೆರಡು ವರ್ಷಕ್ಕೊಮ್ಮೆ ಪುನಃ ಮಾಡಿಸಬೇಕು. ಮಗು ಎತ್ತರ ಬೆಳೆಯದಿದ್ದರೆ, ಓದಿನಲ್ಲಿ ಮಂಕಾದರೆ, ಸಕ್ಕರೆ ಪದೇಪದೇ ಇಳಿದರೆ ಅಷ್ಟು ಕಾಲ ಕಾಯಬಾರದು. ಈ ಮಕ್ಕಳಿಗೆ ಇನ್ಸುಲಿನ್ ಜೀವಜಲ. ಅದನ್ನು ಬಿಡಿಸುತ್ತೇವೆಂದು ಹೇಳುವವರು ಯಾರೇ ಆಗಲಿ, ಯಾವ ಪದ್ಧತಿಯವರೇ ಆಗಲಿ, ಅವರ ಮಾತನ್ನು ನಂಬಬಾರದು.

ದೊಡ್ಡವರಲ್ಲಿ ಕಾಣುವ ಟೈಪ್ 2 ಮಧುಮೇಹಕ್ಕೆ ಇಷ್ಟು ನಿಕಟವಾದ ರಕ್ತಸಂಬಂಧವಿಲ್ಲ. ಆದರೂ ಸ್ತ್ರೀಯರಲ್ಲಿ, ವಯಸ್ಸಾದವರಲ್ಲಿ, ಕುಟುಂಬದಲ್ಲಿ ಥೈರಾಯ್ಡ್ ರೋಗವಿರುವವರಲ್ಲಿ, ಕೊಲೆಸ್ಟರಾಲ್ ಔಷಧಕ್ಕೆ ಬಗ್ಗದವರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಲೇಸು. ಗರ್ಭಿಣಿಯರು ಮೊದಲ ತಿಂಗಳುಗಳಲ್ಲಿಯೇ ಎರಡನ್ನೂ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಹುಟ್ಟಲಿರುವ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಸ್ರಾವ ಆಧಾರ.

ಪರೀಕ್ಷೆಯ ವಿಷಯದಲ್ಲಿ ಎಚ್ಚರ

ಬರಿ ಹೊಟ್ಟೆಯಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಧುಮೇಹವೆಂದು ತಿಳಿಯುತ್ತಾರೆ. ಎಚ್‌ಬಿಎ1ಸಿ ಎಂಬುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಅಳತೆ. ಕಣಗಳ ಆಯುಷ್ಯ ಸುಮಾರು 120 ದಿನವಾದ್ದರಿಂದ ಅದು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಥೈರಾಯ್ಡ್ ಕೊರತೆಯಲ್ಲಿ ಹೊಸ ಕಣಗಳು ನಿಧಾನವಾಗಿ ಹುಟ್ಟುತ್ತವೆ. ಹಳೆಯ ಕಣಗಳಿಗೆ ಹೆಚ್ಚು ಸಕ್ಕರೆ ಅಂಟಿ, ಅಂಕಿಯು ನಿಜಕ್ಕಿಂತ ಮೇಲೆ ಕಾಣಬಹುದು. ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆಯಲ್ಲಿಯೂ ಹೀಗಾಗುತ್ತದೆ. ಬೆರಳಿನ ಪರೀಕ್ಷೆಗೂ ಈ ಅಂಕಿಗೂ ತಾಳೆಯಾಗದಿದ್ದರೆ ವೈದ್ಯರ ಗಮನಕ್ಕೆ ತನ್ನಿರಿ.

ಟಿ.ಎಸ್.ಎಚ್. ವಯಸ್ಕರಲ್ಲಿ ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರುತ್ತದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ವ್ಯತ್ಯಾಸವಿದೆ, ವೃದ್ಧರಲ್ಲಿ ಕೊಂಚ ಹೆಚ್ಚಿರುವುದೂ ಉಂಟು. ಗುಳಿಗೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆದೇ ಮತ್ತೆ ಪರೀಕ್ಷಿಸಬೇಕು. ಹದಿನೈದು ದಿನಕ್ಕೊಮ್ಮೆ ನೋಡಿ ಗಾಬರಿಯಾಗುವುದು ಹಣದ ನಷ್ಟ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ನುಂಗುತ್ತಿರುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು, ಇಲ್ಲವಾದರೆ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು.

ಪೂಜೆ, ಉಪವಾಸ ಮತ್ತು ಔಷಧ

ಲೆವೊಥೈರಾಕ್ಸಿನ್ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರ ಸೇವಿಸಿ, ಅರ್ಧದಿಂದ ಒಂದು ಗಂಟೆಯವರೆಗೆ ಚಹ, ಕಾಫಿ, ಹಾಲು, ಉಪಹಾರ ಯಾವುದನ್ನೂ ತೆಗೆದುಕೊಳ್ಳಬಾರದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ನಮ್ಮ ನಿತ್ಯನೇಮಕ್ಕೆ ಇದು ಸಹಜವಾಗಿಯೇ ಹೊಂದುತ್ತದೆ. ಎದ್ದೊಡನೆ ಗುಳಿಗೆ ನುಂಗಿ, ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಪೂಜೆಗೆ ಮುಂಚೆ ನೀರನ್ನೂ ಮುಟ್ಟದ ನೇಮವುಳ್ಳವರು ಗುಳಿಗೆಯನ್ನೇ ಬಿಡುವ ಬದಲು, ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ಸೇವಿಸಬಹುದು. ಯಾವ ಹೊತ್ತನ್ನು ಆರಿಸಿಕೊಂಡರೂ ದಿನವೂ ಅದೇ ಹೊತ್ತನ್ನು ಪಾಲಿಸಬೇಕು.

ಸೋಮವಾರ, ಶ್ರಾವಣ, ಶಿವರಾತ್ರಿಗಳ ಉಪವಾಸದ ಬಗ್ಗೆ ಕೇಳುವವರಿಗೆ ನಾವು ಹೇಳುವುದಿಷ್ಟು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಗುಳಿಗೆಯಲ್ಲಿರುವವರು, ಅದರಲ್ಲಿಯೂ ಥೈರಾಯ್ಡ್ ಇನ್ನೂ ಹತೋಟಿಗೆ ಬಾರದವರು, ನಿರಾಹಾರ ಉಪವಾಸ ಮಾಡಬಾರದು. ಎಂದಿನ ಔಷಧ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಉಪವಾಸದ ಹೆಸರಿನಲ್ಲಿ ಸಾಬೂದಾನಿ, ಬಾಳೆಹಣ್ಣು, ಖರ್ಜೂರ ತುಂಬಿಕೊಂಡರೆ ಏರುತ್ತದೆ. ವ್ರತ ಬಿಡಲು ಮನಸ್ಸಿಲ್ಲದಿದ್ದರೆ ವಾರ ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣ ನಿಗದಿ ಮಾಡಿಕೊಳ್ಳಿರಿ. ದಾಸೋಹದಲ್ಲಿ ಹುಗ್ಗಿ, ಮಾದಲಿ ಬಡಿಸುವಾಗ ಬೇಡವೆನ್ನಲು ಭಕ್ತರಿಗೆ ಸಂಕೋಚವಾಗುತ್ತದೆ. ಎಲೆಗೆ ಬೀಳುವ ಮೊದಲೇ ಒಂದು ತುತ್ತಿನಷ್ಟು ಕೇಳಿ ಪಡೆಯಿರಿ. ಪ್ರಸಾದಕ್ಕೆ ಗೌರವವೂ ಉಳಿಯಿತು, ಪಥ್ಯವೂ ಉಳಿಯಿತು.

ಆಹಾರ ವಿಹಾರ

ಎರಡು ರೋಗಕ್ಕೂ ಬೇರೆ ಬೇರೆ ಅಡಿಗೆ ಬೇಕಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ, ಮಿತವಾದ ಅನ್ನ ಇವೇ ಸಾಕು. ಚರಕಾದಿಗಳು ಪ್ರಮೇಹಿಗಳಿಗೆ ಜವೆಗೋಧಿಯನ್ನು ಪ್ರಶಂಸಿಸಿದ್ದಾರೆ. ಎಲೆಕೋಸು, ಹೂಕೋಸು ತಿಂದರೆ ಥೈರಾಯ್ಡ್ ಕೆಡುತ್ತದೆಂಬ ಭಯ ಬಹಳ ಜನರಲ್ಲಿದೆ. ಬೇಯಿಸಿ ಮಿತವಾಗಿ ತಿಂದರೆ ದೋಷವಿಲ್ಲ. ಸಜ್ಜೆಯಲ್ಲಿ ಥೈರಾಯ್ಡಿನ ಕೆಲಸಕ್ಕೆ ಅಡ್ಡಿ ಮಾಡುವ ಕೆಲವು ಅಂಶಗಳಿರುವುದು ನಿಜ. ಆದರೆ ಅಯೋಡಿನ್ ಕೊರತೆಯಿರುವ ಕಡೆ ಅದನ್ನೇ ಮೂರು ಹೊತ್ತು ಉಣ್ಣುವವರಿಗೆ ಮಾತ್ರ ಅದು ಚಿಂತೆಯ ವಿಷಯ. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹೆದರಬೇಕಾಗಿಲ್ಲ. ಧಾನ್ಯಗಳನ್ನು ಬದಲಿಸುತ್ತ ಉಣ್ಣಿರಿ.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಗಳಗಂಡವನ್ನು ತಡೆಯಲು ನಮ್ಮ ದೇಶದಲ್ಲಿ 1962ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂದಿತು. ಈಗ ಆರೋಗ್ಯದ ಹೆಸರಿನಲ್ಲಿ ಅದನ್ನು ಪೂರ್ಣವಾಗಿ ತೊರೆದು ಸೈಂಧವ ಲವಣವನ್ನೇ ಬಳಸುವವರು ಹೆಚ್ಚುತ್ತಿದ್ದಾರೆ. ಸೈಂಧವವನ್ನು ಆಯುರ್ವೇದ ಮೆಚ್ಚಿರುವುದು ನಿಜವಾದರೂ ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಔಷಧಕ್ಕೆ ಸೈಂಧವವಿರಲಿ, ದಿನದ ಅಡಿಗೆಗೆ ಅಯೋಡಿನ್ ಉಪ್ಪು ಇರಲಿ. ಹಾಗೆಂದು ಅಯೋಡಿನ್ ಹನಿಗಳನ್ನು ತಾವಾಗಿ ಸೇವಿಸುವುದೂ ಅಪಾಯಕರ, ಅತಿಯಾದರೂ ಗ್ರಂಥಿ ಕೆಡುತ್ತದೆ.

ನಡಿಗೆ ಎರಡಕ್ಕೂ ಹಿತ. ಸುಶ್ರುತರು ನಿರ್ಧನ ಪ್ರಮೇಹಿಗೆ ಪಾದರಕ್ಷೆಯಿಲ್ಲದೆ ನೂರು ಯೋಜನ ನಡೆಯಲು ಹೇಳಿದ್ದಾರೆ. ಶ್ರಮವೇ ಔಷಧವೆಂಬ ಆ ತತ್ವವನ್ನು ಸ್ವೀಕರಿಸೋಣ. ಆದರೆ ಪಾದಗಳು ಜೋಮು ಹಿಡಿದಿರುವ ಮಧುಮೇಹಿಗಳು ಬರಿಗಾಲಿನ ಪಾದಯಾತ್ರೆ ಮಾಡಬಾರದು. ಗಾಯವಾದದ್ದು ಅವರಿಗೆ ತಿಳಿಯುವುದೇ ಇಲ್ಲ.

ಮನೆಮದ್ದಿನ ಮಿತಿ

ಆಯುರ್ವೇದವನ್ನೇ ಜೀವನವೃತ್ತಿಯಾಗಿ ಆಚರಿಸುವ ನಾವು ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೆಂತ್ಯ, ಹಾಗಲಕಾಯಿ, ನೆಲ್ಲಿಕಾಯಿ, ಅರಿಸಿನ ಇವು ಪಥ್ಯಕ್ಕೆ ಸಹಾಯಕ. ಆದರೆ ಹಾಗಲಕಾಯಿಯ ರಸವನ್ನೂ ಸಕ್ಕರೆಯ ಗುಳಿಗೆಯನ್ನೂ ಒಟ್ಟಿಗೆ ಸೇವಿಸಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಅಶ್ವಗಂಧವು ಥೈರಾಯ್ಡ್ ಸ್ರಾವವನ್ನು ಹೆಚ್ಚಿಸಬಲ್ಲದು, ಅಧಿಕ್ಯವಿರುವವರಿಗೆ ಅದು ವರ್ಜ್ಯ. ಕಾಂಚನಾರ ಗುಗ್ಗುಲು ಗಲಗಂಡ, ಗಂಡಮಾಲೆಗಳಿಗೆ ಪ್ರಸಿದ್ಧವಾದ ಯೋಗ. ಅದು ಸುಟ್ಟುಹೋದ ಗ್ರಂಥಿಯ ಸ್ರಾವಕ್ಕೆ ಬದಲಾಗಲಾರದು. ಹೊಲದಲ್ಲಿ ನೀರಿಲ್ಲದಾಗ ಗೊಬ್ಬರ ಹಾಕಿದರೆ ಬೆಳೆ ಬದುಕದು. ಮೊದಲು ನೀರು, ಆಮೇಲೆ ಗೊಬ್ಬರ. ಆದುದರಿಂದ ಥೈರಾಕ್ಸಿನ್ ಆಗಲಿ ಇನ್ಸುಲಿನ್ ಆಗಲಿ, ಯಾರ ಮಾತನ್ನು ಕೇಳಿಯೂ ಥಟ್ಟನೆ ನಿಲ್ಲಿಸಬೇಡಿರಿ. ನೀವು ಸೇವಿಸುವ ಎಲ್ಲ ಔಷಧಗಳ ಚೀಟಿಗಳನ್ನು ಎರಡೂ ಪದ್ಧತಿಯ ವೈದ್ಯರಿಗೆ ಮುಚ್ಚಿಡದೆ ತೋರಿಸಿರಿ.

ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಒಟ್ಟಿಗೆ ಕಂಡರೆ. ಥೈರಾಯ್ಡ್ ಅಧಿಕ್ಯಕ್ಕೆ ಕಾರ್ಬಿಮಾಜೋಲ್ ಸೇವಿಸುವವರಿಗೆ ಜ್ವರವೂ ಗಂಟಲುನೋವೂ ಬಂದರೆ. ಥೈರಾಯ್ಡ್ ಕೊರತೆಯಿರುವ ವೃದ್ಧರ ಮೈ ತಣ್ಣಗಾಗಿ ಎಬ್ಬಿಸಿದರೂ ಏಳದಿದ್ದರೆ ಮನೆಮದ್ದಿಗೆ ಹೊತ್ತಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಧುಮೇಹವಿರುವ ಪ್ರತಿಯೊಬ್ಬರೂ ಈ ತಿಂಗಳು ಒಂದು ಕೆಲಸ ಮಾಡಬೇಕೆಂದು ನಮ್ಮ ವಿನಂತಿ. ನಿಮ್ಮ ವರದಿಗಳ ಕಡತವನ್ನು ತೆಗೆದು, ಕೊನೆಯ ಬಾರಿ ಟಿ.ಎಸ್.ಎಚ್. ಯಾವಾಗ ನೋಡಿಸಿದಿರೆಂದು ಹುಡುಕಿರಿ. ಎಂದೂ ನೋಡಿಸಿಲ್ಲವಾದರೆ, ಅಥವಾ ನೋಡಿಸಿ ಬಹಳ ಕಾಲವಾಗಿದ್ದು ಸಕ್ಕರೆ ಕಾರಣವಿಲ್ಲದೆ ಏರಿಳಿಯುತ್ತಿದ್ದರೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿರಿ. ಕಾಯ ಹಗುರವಾಗಿದ್ದರೆ ಕಾಯಕಕ್ಕೆ ಬಲ, ಪೂಜೆಗೆ ಮನಸ್ಸು. ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ.